ಕರಿಕಲ್ಲಿನ ಗೆರೆಯ ಮೇಲೆ ಸುಗಲಮ್ಮನ ನಡಿಗೆ

ಬೆಳಗಿನ ಐದೂಮುಕ್ಕಾಲು. ಹೈದರಾಬಾದಿನಿಂದ ಒಂದೂವರೆ ತಾಸು ದೂರದ ಕೆಂಪು ಹೊಲವೊಂದರ ಬದುವಿನ ಮೇಲೆ ಸುಗಲಮ್ಮ ನನ್ನನ್ನು ತಡೆದು ನಿಲ್ಲಿಸುತ್ತಾರೆ. "ಅಕ್ಕಾರ, ಮೊಬೈಲು, ಕೀಲಿಕೈ, ವಾಚು ಎಲ್ಲಾ ಜೀಪಿನಾಗ ಇಟ್ಟು ಬರ್ರಿ. ಕೂದಲಾಗ ಪಿನ್ ಅದಾವೇನು? ಅವನ್ನೂ ತೆಗೀರಿ." ಪೊಲೀಸರೂ ಇಷ್ಟು ಜಬರದಸ್ತಿನಿಂದ ಕೇಳಲಿಕ್ಕಿಲ್ಲ. ಇನ್ನೂರು ಮೀಟರ್ ಆಚೆ ನಿಂತ ಜೀಪಿಗೆ ಹೋಗಿ ಎಲ್ಲವನ್ನೂ ಒಪ್ಪಿಸಿ, ಕೂದಲು ಕೆದರಿಕೊಂಡು ಅವರ ಹಿಂದೆ ನಡೆಯುತ್ತೇನೆ.

ಐವತ್ನಾಲ್ಕು ವಯಸ್ಸಿನ ಸುಗಲಮ್ಮನ ಬೆನ್ನಿಗೆ ಒಂದು ಚೀಲ, ಅದರಿಂದ ತಲೆಯ ಮೇಲಕ್ಕೆ ಎದ್ದ ಒಂದು ಕೋಲು, ಕೋಲಿನ ತುದಿಗೊಂದು ಡಬ್ಬಿ. ನೆಲದ ಆಯಸ್ಕಾಂತ ಬಲವನ್ನು ಅಳೆಯುವ ಯಂತ್ರವಿದು, ಹತ್ತಿರ ಚೂರು ಕಬ್ಬಿಣವಿದ್ದರೂ ಅಂಕೆ ಕೆಡುತ್ತದೆ. ಹತ್ತು ಹೆಜ್ಜೆಗೊಮ್ಮೆ ನಿಂತು ಗುಂಡಿ ಒತ್ತುತ್ತಾರೆ, ಬಂದ ಅಂಕೆಯನ್ನು ಗಟ್ಟಿಯಾಗಿ ಕೂಗುತ್ತಾರೆ. ಹಿಂದೆ ಬರುವ ಭೂವಿಜ್ಞಾನಿ ವಿಜಯಕುಮಾರ ಅದನ್ನು ಬರೆದುಕೊಳ್ಳುತ್ತಾರೆ. ಯಂತ್ರವೇ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ, ಆದರೂ ಕಲಬುರಗಿ ಕಡೆಯ ಈ ಸಾಹೇಬರಿಗೆ ಕಾಗದವಿಲ್ಲದೆ ಸಮಾಧಾನವಿಲ್ಲ.

ಕಳೆದ ವರ್ಷ ಇದೇ ಬಗೆಯ ಯಂತ್ರ ಹೊತ್ತ ವಿಮಾನವೊಂದು ಈ ಹೊಲಗಳ ಮೇಲೆ ತಗ್ಗಾಗಿ ಹಾರಿ ಹೋಗಿತ್ತು. ಇಲ್ಲಿನ ನೆಲವೆಲ್ಲ ಬೂದುಬಣ್ಣದ ಗಟ್ಟಿಕಲ್ಲು. ನಡುವೆ ಅಲ್ಲಲ್ಲಿ ಗೋಡೆ ಎಬ್ಬಿಸಿದ ಹಾಗೆ ಕರಿಕಲ್ಲು. ಕರಿಕಲ್ಲಿನಲ್ಲಿ ಆಯಸ್ಕಾಂತ ಗುಣ ಹೆಚ್ಚು. ಹಳೆಯ ನಕ್ಷೆ ಮಾಡಿದವರು ಕಣ್ಣಿಗೆ ಕಂಡ ಕಲ್ಲನ್ನಷ್ಟೇ ಬರೆದಿದ್ದರು, ಹಾಗಾಗಿ ಆ ನಕ್ಷೆಯಲ್ಲಿ ಇಲ್ಲಿನ ಕರಿಕಲ್ಲಿನ ಗೆರೆ ಊರ ಕೆರೆಯ ಏರಿಯ ಹತ್ತಿರ ನಿಂತುಬಿಟ್ಟಿದೆ. ಅಲ್ಲಿಂದ ಮುಂದೆ ಮಣ್ಣಿನ ಕೆಳಗೂ ಅದು ನಾಲ್ಕು ಕಿಲೋಮೀಟರ್ ಹೋಗಿದೆ ಎನ್ನುತ್ತದೆ ವಿಮಾನದ ಲೆಕ್ಕ. ತೊಂದರೆ ಏನೆಂದರೆ, ಅದೇ ದಿಕ್ಕಿಗೆ ದೊಡ್ಡ ವಿದ್ಯುತ್ ಕಂಬಗಳ ಸಾಲೂ ಇದೆ. ವಿಮಾನಕ್ಕೆ ಕಂಡದ್ದು ಕಲ್ಲೋ ಕಂಬವೋ? ಗೆರೆಯನ್ನು ಹತ್ತು ಕಡೆ ಅಡ್ಡ ದಾಟಿ ಅಳೆದರೆ ತಿಳಿಯುತ್ತದೆ. ಹೊಸ ನಕ್ಷೆ ಸೋಮವಾರ ಅಚ್ಚಿಗೆ ಹೋಗಲಿದೆ, ಇವತ್ತು ಶುಕ್ರವಾರ. ಇವತ್ತು ಆಗದಿದ್ದರೆ ಗೆರೆ ಮತ್ತೆ ಕೆರೆಯ ಏರಿಗೇ ನಿಲ್ಲುತ್ತದೆ.

ನಿಜ ಹೇಳಬೇಕೆಂದರೆ ಈ ಕೆಲಸ ಒಮ್ಮೆ ಮುಗಿದಿತ್ತು. ಮೊನ್ನೆ ಮಂಗಳವಾರ ಮತ್ತು ಬುಧವಾರ ಸುಗಲಮ್ಮ ಹತ್ತೂ ಕಡೆ ದಾಟಿದ್ದರು. ವಿಜಯಕುಮಾರ ಖುಷಿಯಿಂದ ಎಲ್ಲರಿಗೂ ಮಿರ್ಚಿ ಬಜ್ಜಿ ಕೊಡಿಸಿದ್ದರು. ಬುಧವಾರ ಸಂಜೆ ಹೈದರಾಬಾದಿನ ಸನತ್‌ನಗರದ ಮನೆಯಲ್ಲಿ ಮುಖ ತೊಳೆಯುವಾಗ ಸುಗಲಮ್ಮನ ಕೈ ತಾಳಿಸರಕ್ಕೆ ತಾಗಿತು. ಅಲ್ಲೊಂದು ಪಿನ್ನು! ಮಂಗಳವಾರ ಹೊರಡುವಾಗ ಸರದ ಕೊಂಡಿ ಕಳಚಿದ್ದಕ್ಕೆ ಅವಸರದಲ್ಲಿ ಚುಚ್ಚಿಕೊಂಡದ್ದು ಮರೆತೇ ಹೋಗಿತ್ತು.

"ಎದಿ ಧಸಕ್ಕಂತ್ರಿ. ಹೇಳಲಿಲ್ಲಂದ್ರ ಯಾರಿಗೂ ತಿಳೀತಿದ್ದಿಲ್ಲ," ಎನ್ನುತ್ತಾರೆ. "ನಮ್ಮ ಮನ್ಯಾವ್ರು ಅಂದ್ರು, ಹೇಳಿಬಿಡು, ಹೊಟ್ಟ್ಯಾಗ ಇಟ್ಕೊಂಡ್ರ ನಿನಗ ರೊಟ್ಟಿ ಇಳಿಯಂಗಿಲ್ಲ ಅಂತ." ಆಗಲೇ ವಿಜಯಕುಮಾರರಿಗೆ ಫೋನ್ ಮಾಡಿದರು. ಪಿನ್ನು ಎಷ್ಟು ಕೆಡಿಸಿದೆಯೋ ಹೇಳಲಾಗದು, ಹಾಗಾಗಿ ಎರಡೂ ದಿನದ ಅಂಕೆಗಳು ರದ್ದು. ನಕ್ಷೆ ಮಾಡುವ ಕಚೇರಿ ಇನ್ನೊಂದೇ ದಿನಕ್ಕೆ ಜೀಪು ಕೊಟ್ಟಿತು. ಎರಡು ದಿನದ ನಡಿಗೆಯನ್ನು ಇವತ್ತು ಒಂದೇ ದಿನದಲ್ಲಿ ಮುಗಿಸಬೇಕು.

"ಮೊದಲಿಗೆ ಸಿಟ್ಟು ಬಂತ್ರಿ," ಎಂದು ವಿಜಯಕುಮಾರ ಒಪ್ಪಿಕೊಳ್ಳುತ್ತಾರೆ. "ಆಮ್ಯಾಲ ನಾಚಿಕಿ ಆತು. ಅವರ ಜಾಗಾದಾಗ ನಾನಿದ್ರ ಹೇಳ್ತಿದ್ನೋ ಇಲ್ಲೋ."

ಲಿಂಗಸುಗೂರು ಕಡೆಯ ಸುಗಲಮ್ಮ ಓದಿದ್ದು ನಾಲ್ಕನೇ ಇಯತ್ತೆ. ಗಂಡ ಸೂಗಪ್ಪನಿಗೆ ಸನತ್‌ನಗರದ ಕಾರ್ಖಾನೆಯಲ್ಲಿ ಲೇತ್ ಮಷಿನ್ನಿನ ಕೆಲಸ. ಸುಗಲಮ್ಮ ಇದೇ ಕಚೇರಿಯಲ್ಲಿ ಕಲ್ಲಿನ ತುಂಡುಗಳನ್ನು ತೊಳೆಯುವ ಕೂಲಿಗೆ ಸೇರಿದವರು, ಇಪ್ಪತ್ತೆರಡು ವರ್ಷಗಳಿಂದ ಯಂತ್ರ ಹೊರುತ್ತಿದ್ದಾರೆ. ವರ್ಷಕ್ಕೆ ಆರು ತಿಂಗಳು, ದಿನಕ್ಕೆ ಏಳೆಂಟು ಕಿಲೋಮೀಟರ್. ಎರಡೂ ಹಿಮ್ಮಡಿ ಒಡೆದಿವೆ. ಗಂಡ ದಿನವಿಡೀ ಕಬ್ಬಿಣದ ಜೊತೆ, ಹೆಂಡತಿಗೆ ಕಬ್ಬಿಣವೇ ವೈರಿ, ಸಂಸಾರ ಮಾತ್ರ ಚೆನ್ನಾಗಿಯೇ ನಡೆದಿದೆ. ನಿನ್ನೆ ಸೂಗಪ್ಪ ತಾಳಿಯನ್ನು ಅರಿಶಿನದ ದಾರಕ್ಕೆ ಕಟ್ಟಿಕೊಟ್ಟರು. ಇವತ್ತು ಹೊರಡುವ ಮೊದಲು ಪುಟ್ಟ ಆಯಸ್ಕಾಂತವೊಂದನ್ನು ಹೆಂಡತಿಯ ಸೀರೆಯ ಮೇಲೆಲ್ಲ ಆಡಿಸಿ ನೋಡಿದರಂತೆ. ಇದನ್ನು ಹೇಳುವಾಗ ಸುಗಲಮ್ಮನಿಗೆ ನಾಚಿಕೆ.

ಮೊದಲ ದಾಟಿನಲ್ಲಿ ಅಂಕೆ ನಲವತ್ತೆರಡು ಸಾವಿರದ ಮುನ್ನೂರರ ಆಸುಪಾಸಿನಲ್ಲೇ ಆಡುತ್ತಿದ್ದದ್ದು ಒಮ್ಮೆಲೇ ಐನೂರು ಏರುತ್ತದೆ, ನಲವತ್ತು ಹೆಜ್ಜೆಯಾಚೆ ಇಳಿಯುತ್ತದೆ. ಕೆಳಗೆ ಕರಿಕಲ್ಲು ಇದೆ. ಎರಡನೆಯದರಲ್ಲೂ ಹಾಗೆಯೇ, ಮೂರನೆಯದರಲ್ಲೂ. ಮಧ್ಯಾಹ್ನ ಬುತ್ತಿ ಬಿಚ್ಚಲೂ ಅವರು ಕೂರುವುದಿಲ್ಲ, ರೊಟ್ಟಿ ಸುರುಳಿ ಸುತ್ತಿಕೊಂಡು ನಡೆಯುತ್ತಲೇ ತಿನ್ನುತ್ತಾರೆ. ನಾಲ್ಕು ಗಂಟೆಯ ಹೊತ್ತಿಗೆ ಎಂಟು ದಾಟು ಮುಗಿದು ಎಂಟರಲ್ಲೂ ಕಲ್ಲು ಸಿಕ್ಕಿದೆ. ಒಂಬತ್ತು ಮತ್ತು ಹತ್ತನೆಯವು ಕಂಬಗಳ ಬುಡದಲ್ಲೇ ಬರುತ್ತವೆ. ಅಲ್ಲಿ ಅಂಕೆ ಕುಣಿಯುತ್ತದೆ, ನಿಲ್ಲುವುದೇ ಇಲ್ಲ. ಸುಗಲಮ್ಮ ಮೂರು ಸಲ ದಾಟುತ್ತಾರೆ. ಕಾಲು ಎಳೆಯುತ್ತಿರುವುದು ನನಗೆ ಕಾಣುತ್ತದೆ.

"ಸಾಕ್ರಿ ಅಮ್ಮಾರ," ಎನ್ನುತ್ತಾರೆ ವಿಜಯಕುಮಾರ. "ಎಂಟು ಕಡೆ ಐತಿ ಅಂದಮ್ಯಾಲ ಮುಂದೂ ಇದ್ದೇ ಇರ್ತೈತಿ. ಪೂರ್ತಿ ಗೆರಿ ಎಳದುಬಿಡ್ತೀನಿ."

ಸುಗಲಮ್ಮ ಅಲ್ಲಾಡುವುದಿಲ್ಲ. "ಬ್ಯಾಡ್ರಿ ಸಾಹೇಬ್ರ. ಇರಬಹುದು, ಆದ್ರ ಮಿಷಿನ್ ನಮಗ ಹೇಳಿಲ್ಲಲ್ಲ."

ವಿಜಯಕುಮಾರ ನಕ್ಷೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡುತ್ತಾರೆ. ಕೆರೆಯ ಏರಿಯಿಂದ ಎಂಟನೇ ದಾಟಿನವರೆಗೆ ಗಟ್ಟಿ ಗೆರೆ ಎಳೆಯುತ್ತಾರೆ. ಅಲ್ಲಿಂದ ಮುಂದೆ ಬರೀ ಚುಕ್ಕಿ, ಚುಕ್ಕಿ. ಗೊತ್ತಿಲ್ಲ ಎಂದು ನಕ್ಷೆ ಹೇಳುವುದು ಹೀಗೆ.

ಈ ನಕ್ಷೆಯಲ್ಲಿ ನಿಮ್ಮ ಹೆಸರು ಇರಬೇಕಿತ್ತು ಅನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ಸುಗಲಮ್ಮ ಬಗ್ಗಿ ಬಹಳ ಹೊತ್ತು ನೋಡುತ್ತಾರೆ, ಬೆರಳು ಗೆರೆಯ ಗುಂಟ ಹೋಗಿ ಚುಕ್ಕಿಗಳ ಮೇಲೆ ನಿಲ್ಲುತ್ತದೆ.

"ಹೆಸರು ಯಾಕ್ರಿ ಅಕ್ಕಾರ? ಗೆರಿ ಇದ್ದಲ್ಲಿ ಕಲ್ಲು ಐತಿ. ಚುಕ್ಕಿ ಇದ್ದಲ್ಲಿ ನಾ ಸುಳ್ಳು ಹೇಳಿಲ್ಲ."