ಲಾಡನ್ನು ತಟ್ಟೆಗಿಟ್ಟ ಮಾಷ್ಟ್ರು

ಮಾಷ್ಟ್ರ ಎಡಗಿವಿ ಚಪ್ಪಟೆಯಾಗಿತ್ತು. ಹುಡುಗನಾಗಿದ್ದಾಗ ಕಬಡ್ಡಿ ಅಂಗಳದಲ್ಲಿ ಯಾರದೋ ಮೊಣಕಾಲಿನಡಿ ಸಿಕ್ಕಿ ಜಜ್ಜಿಹೋದ ಕಿವಿ ಅದು. ಒಣಗಿದ ಅಣಬೆಯ ಹಾಗೆ ತಲೆಗೆ ಅಂಟಿಕೊಂಡಿತ್ತು. ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಅದೇ. ಮುಖ, ದನಿ, ಕೈ ಎಲ್ಲವೂ ತಣ್ಣಗಿರುತ್ತಿದ್ದವು, ಕಿವಿ ಮಾತ್ರ ದಾಸವಾಳ. ಕಣ್ಣು ಮುಚ್ಚಿ ಕುಳಿತುಕೊಳ್ಳಿ ಎಂದರೆ ನಾವು ಅರೆಗಣ್ಣಿನಲ್ಲಿ ಆ ಕಿವಿಯ ಬಣ್ಣ ನೋಡಿಯೇ ಪೂರ್ತಿ ಮುಚ್ಚುತ್ತಿದ್ದೆವು.

ಅವರು ಹೈಸ್ಕೂಲಿನಲ್ಲಿ ಪಿ.ಟಿ. ಮಾಷ್ಟ್ರಾಗಿದ್ದು ನಿವೃತ್ತರಾದವರು. ಕಾಪುವಿನ ಒಂದು ಮದುವೆ ಸಭಾಭವನದ ಊಟದ ಕೋಣೆಯಲ್ಲಿ ಯೋಗ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಗಂಡಸರಿಗೆ, ಸಂಜೆ ಹೆಂಗಸರಿಗೆ. ಹಿಂದಿನ ದಿನ ಮದುವೆಯಿದ್ದರೆ ನೆಲದಿಂದ ಸಾರಿನ ವಾಸನೆ ಏಳುತ್ತಿತ್ತು. ಚಕ್ರ, ಕುಂಡಲಿನಿ ಎಂದು ಯಾರಾದರೂ ಕೇಳಿದರೆ, "ಅದೆಲ್ಲ ಆಮೇಲೆ. ಕೂತಲ್ಲಿಂದ ಕೈ ಊರದೆ ಏಳಲಿಕ್ಕೆ ಆಗ್ತದಾ? ಅದು ಹೇಳಿ ಮೊದಲು" ಎನ್ನುತ್ತಿದ್ದರು. ನನಗೆ ಆ ಮಾತು ಹಿಡಿಸಿತು. ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದವಳು ನಾನು. ಗಂಟೆ ನೋಡಿ ಮದ್ದು, ಗಂಟೆ ನೋಡಿ ಊಟ. ಹಾಸಿಗೆಯ ಚಾದರ ಸುಕ್ಕಾಗಿದ್ದರೆ ನನಗೆ ಇಂದಿಗೂ ನಿದ್ದೆ ಬರುವುದಿಲ್ಲ. ಹೊತ್ತಿಗೆ ಸರಿಯಾಗಿ ಶುರು ಮಾಡಿ ಹೊತ್ತಿಗೆ ಸರಿಯಾಗಿ ಮುಗಿಸುವ ಮನುಷ್ಯರ ಮೇಲೆ ನನಗೆ ವಿಶೇಷ ಗೌರವ.

ಅವರ ಹತ್ತಿರ ನಾನು ಹೋದದ್ದು ನನಗಾಗಿ ಅಲ್ಲ, ನನ್ನ ಗಂಡನ ಕಾಲಿಗಾಗಿ. ನಮ್ಮವರಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಕೆಳಗೆ ಆದ ಹುಣ್ಣು ಮಾಯುತ್ತಿರಲಿಲ್ಲ. ದಿನವೂ ನಾನೇ ತೊಳೆದು ಪಟ್ಟಿ ಕಟ್ಟುತ್ತಿದ್ದೆ. "ಸಕ್ಕರೆ ಹೀಗೇ ಇದ್ದರೆ ಇದು ಬೆರಳಿಗೆ ನಿಲ್ಲುವುದಿಲ್ಲ. ಪಾದವನ್ನೇ ತೆಗೆಯಬೇಕಾದೀತು" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕತ್ತರಿಸಿದ ಕಾಲುಗಳನ್ನು ನೋಡಿದವಳು ನಾನು. ಆ ಮಾತಿನ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಾಷ್ಟ್ರು ಹುಣ್ಣನ್ನು ನೋಡಲೂ ಇಲ್ಲ. "ಕಾಲು ಡಾಕ್ಟರರ ಕೆಲಸ, ಸಿಸ್ಟರ್. ಏಳುವುದು, ತಿನ್ನುವುದು, ಮಲಗುವುದು, ಈ ಮೂರು ನನಗೆ ಬಿಡಿ" ಎಂದರು. ನಮ್ಮವರು ಬೆಳಗ್ಗಿನ ತರಗತಿಗೆ ಸೇರಿದರು, ಜೊತೆಗೆ ನಾನೂ ಸಂಜೆಯದಕ್ಕೆ. ಹುಣ್ಣು ಮಾಯುವವರೆಗೆ ನಮ್ಮವರಿಗೆ ನಿಲ್ಲುವ ಆಸನ ಒಂದೂ ಇಲ್ಲ, ಎಲ್ಲ ಕುರ್ಚಿಯ ಮೇಲೆಯೇ.

ತಿಂಗಳುಗಳು ಕಳೆದರೂ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಇನ್ಸುಲಿನ್ ಏರಿಸಿದರು. ಮನೆಯಲ್ಲಿ ನಾನು ಅಳೆದು ಬಡಿಸುತ್ತಿದ್ದೆ, ಆದರೂ ಹೀಗೆ. ಒಂದು ಸಂಜೆ ಮಾಷ್ಟ್ರಿಗೆ ಹೇಳಿದೆ, "ಬೆಳಗ್ಗಿನ ಧ್ಯಾನ ಸ್ವಲ್ಪ ಕಡಿಮೆ ಮಾಡಿಸಿ. ಇವರು ಮನೆಗೆ ಬರುವಾಗ ತಡವಾಗ್ತದೆ, ತಿಂಡಿಯ ಹೊತ್ತು ತಪ್ಪುತ್ತದೆ."

ಕಿವಿ ಕೆಂಪಾಯಿತು. "ಯಾವ ಧ್ಯಾನ?"

ಮರುದಿನ ಬೆಳಿಗ್ಗೆ ತರಗತಿ ಬಿಟ್ಟ ಮೇಲೆ ಮಾಷ್ಟ್ರೂ ನಾನೂ ಎದುರಿನ ಹೋಟೆಲಿಗೆ ಹೋದೆವು. ಒಳಗಿನ ಮೇಜಿನ ಸುತ್ತ ಇಡೀ ಯೋಗ ತರಗತಿ ಕುಳಿತಿತ್ತು, ಬೆವರು ಆರದ ಬನಿಯನ್ನುಗಳಲ್ಲಿ. ಬನ್ಸ್, ಗೋಳಿಬಜೆ, ಕಾಯಿಚಟ್ನಿ, ಕಾಫಿ. ದೇಹ ದಂಡಿಸಿದ್ದೇವಲ್ಲ, ಇಷ್ಟು ತಿಂದರೆ ಸರಿಹೋಗುತ್ತದೆ ಎಂಬ ಲೆಕ್ಕ. ಪ್ರಾಣಾಯಾಮ ಮುಗಿಸಿ ನೇರ ಎಣ್ಣೆ ಬಾಣಲೆಯ ಎದುರಿಗೆ ಹೋಗುವ ಬುದ್ಧಿ ನಮ್ಮ ಉಡುಪಿ ಸೀಮೆಯವರಿಗಲ್ಲದೆ ಇನ್ನಾರಿಗೆ ಬಂದೀತು? ನಮ್ಮವರ ಕೈಯಲ್ಲಿ ಅರ್ಧ ಕಚ್ಚಿದ ಬನ್ಸ್ ಇತ್ತು.

"ಇದು ಯಾವ ಆಸನ, ಮಾರಾಯ್ರೆ?" ಎಂದರು ಮಾಷ್ಟ್ರು.

"ಗೋಳಿಬಜಾಸನ, ಮಾಷ್ಟ್ರೇ! ನೀವೂ ಕೂತುಕೊಳ್ಳಿ" ಎಂದು ಒಬ್ಬರು ನಗಾಡಿದರು.

ಮಾಷ್ಟ್ರು ನಗಲಿಲ್ಲ. ನಮ್ಮವರ ಮುಂದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನನ್ನ ಕಡೆ ತಿರುಗಿದರು. "ಸಿಸ್ಟರ್, ಇವರಲ್ಲಿ ಕೇಳಿ. ಎರಡು ಕಾಲಲ್ಲಿ ಯಾವುದು ಬೇಕಂತೆ, ಯಾವುದು ಬೇಡವಂತೆ?"

ನಮ್ಮವರು ಬನ್ಸನ್ನು ಕೆಳಗಿಟ್ಟರು. ನನಗೆ ಬಂದಿದ್ದ ಸಿಟ್ಟು ಎಷ್ಟೆಂದರೆ, ಮನೆಗೆ ಬಂದು ಬೈಯಲೂ ಆಗಲಿಲ್ಲ.

ಮರುದಿನದಿಂದ ತರಗತಿ ಬಿಟ್ಟೊಡನೆ ಮಾಷ್ಟ್ರು ನಮ್ಮವರ ಜೊತೆ ನಮ್ಮ ಮನೆಗೇ ಬರತೊಡಗಿದರು. ಕಾವಲಿಗೆ ಬಂದವರು ಪಂಕ್ತಿಗೂ ಕೂತರು. ನಮ್ಮವರಿಗೆ ಏನೋ ಅದೇ ಅವರಿಗೂ. ಮೊದಲು ಒಂದು ಬಟ್ಟಲು ಹರಿವೆಯದೋ ಅಲಸಂಡೆಯದೋ ಪಲ್ಯ, ಅದು ಪೂರ್ತಿ ಖಾಲಿಯಾದ ಮೇಲೆ ಒಂದು ಸೌಟು ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ನಮ್ಮ ಕಡೆ ಅನ್ನ ರಾಶಿ ಹಾಕಿ ಬದಿಯಲ್ಲಿ ಪಲ್ಯ ತೋರಿಸುವುದು ರೂಢಿ. ಅವರು ಅದನ್ನು ತಿರುಗಿಸಿದರು, ಅಷ್ಟೇ. ಮೀನಾದರೆ ಸಾರಿನ ಹಾಗೆ ಪದಾರ್ಥ ಮಾಡಿ, ಹುರಿಯಬೇಡಿ. ರಾತ್ರಿಯ ಊಟ ದೀಪ ಹಚ್ಚಿದ ಕೂಡಲೇ. "ಹೊಸ ಅಡುಗೆ ಎಂತದೂ ಬೇಡ ಸಿಸ್ಟರ್. ನಿಮ್ಮ ಅತ್ತೆ ಉಣ್ಣುತ್ತಿದ್ದದ್ದನ್ನೇ ಉಣ್ಣಿ, ಅವರು ಉಣ್ಣುತ್ತಿದ್ದ ಹೊತ್ತಿಗೆ ಉಣ್ಣಿ." ಒಬ್ಬನೇ ಪಥ್ಯ ಮಾಡಿದರೆ ರೋಗಿ, ಇಬ್ಬರು ಮಾಡಿದರೆ ಪದ್ಧತಿ ಎಂಬುದು ಅವರ ಮಾತು. ಹುಣ್ಣು ಅಂಚಿನಿಂದ ಗುಲಾಬಿಯಾಗುತ್ತ ಬಂತು. ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಹತ್ತಿ ಒಣಗಿತ್ತು. ಡಾಕ್ಟರು ಇನ್ಸುಲಿನ್ ಇಳಿಸಿದರು. ಪಾದ ತೆಗೆಯುವ ಮಾತು ನಿಂತಿತು. ಆದರೆ ಪದ್ಧತಿ ತಪ್ಪಿದರೆ ಹುಣ್ಣು ಮತ್ತೆ ಬಾಯಿ ತೆರೆಯುತ್ತದೆ ಎಂದು ಎಚ್ಚರಿಸಿಯೇ ಕಳಿಸಿದರು.

ಈಗ ಸನ್ಮಾನದ ವಿಷಯ. ಅದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಮಾಷ್ಟ್ರಿಗೆ ಎಪ್ಪತ್ತು ತುಂಬಿತೆಂದು ತರಗತಿಯವರು ಸೇರಿ ಅದೇ ಸಭಾಭವನದಲ್ಲಿ ಸಮಾರಂಭ ಮಾಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಇರಲಿ. ಊಟಕ್ಕೆ ಹೋಳಿಗೆ, ಎರಡು ಬಗೆ ಪಾಯಸ, ಕರಿದ ತಿಂಡಿ ಸಾಲು ಸಾಲು. ಯೋಗ ಕಲಿಸಿದವರಿಗೆ ಗೌರವವಂತೆ! ವೇದಿಕೆಯಲ್ಲಿ ಸಭಾಭವನದ ಯಜಮಾನರು ದೊಡ್ಡದೊಂದು ಲಾಡನ್ನು ಮಾಷ್ಟ್ರ ತುಟಿಗೆ ಹಿಡಿದರು. ಫೋಟೋದವನು "ಸರ್, ಬಾಯಿ ತೆರೆಯಿರಿ, ಇನ್ನೂ ಸ್ವಲ್ಪ" ಎಂದ. ಮಾಷ್ಟ್ರು ಲಾಡನ್ನು ಕೈಯಲ್ಲಿ ತೆಗೆದುಕೊಂಡು ತಟ್ಟೆಗಿಟ್ಟರು.

"ಒಂದು ದಿನಕ್ಕೆ ಎಂತ ಆಗ್ತದೆ, ಮಾಷ್ಟ್ರೇ? ನಿಮಗೆ ಸಕ್ಕರೆ ಕಾಯಿಲೆ ಇಲ್ಲ ಅಲ್ವಾ?" ಎಂದರು ಯಜಮಾನರು, ಮೈಕಿನ ಮುಂದೆಯೇ.

"ನನಗೆ ಇಲ್ಲ. ಎದುರು ಕೂತವರಿಗೆ ಉಂಟು. ನಾನಿಂದು ಬಾಯಿ ತೆರೆದರೆ ನಾಳೆ ಇವರದನ್ನು ಮುಚ್ಚಿಸುವುದು ಯಾರು?" ಎಂದರು ಮಾಷ್ಟ್ರು. ಆಮೇಲೆ ಸಭೆಗೆ ಹೇಳಿದರು, "ನಮ್ಮೂರಲ್ಲಿ ಇಂದು ಗೃಹಪ್ರವೇಶ, ನಾಳೆ ಮುಂಜಿ, ನಾಡಿದ್ದು ಕೋಲ. ಒಂದು ದಿನ, ಒಂದು ದಿನ ಎಂದು ವರ್ಷ ಪೂರ್ತಿ ತಿನ್ನುತ್ತೇವೆ. ಒತ್ತಾಯ ಮಾಡಿ ಬಡಿಸುವವರು ಆಸ್ಪತ್ರೆಯಲ್ಲಿ ರಾತ್ರಿ ಕೂತುಕೊಳ್ಳಲಿಕ್ಕೆ ಬರುವುದಿಲ್ಲ."

ಚಪ್ಪಾಳೆ ಬೀಳಲಿಲ್ಲ. ಯಜಮಾನರ ಮುಖ ಕಪ್ಪಿಟ್ಟಿತು. ಮರುದಿನ ಬೆಳಿಗ್ಗೆ ಊಟದ ಕೋಣೆಗೆ ಬೀಗ. "ಇನ್ನು ಮುಂದೆ ಕೋಣೆ ಬೇರೆ ಕೆಲಸಕ್ಕೆ ಬೇಕು" ಎಂದು ಕಾವಲುಗಾರ ಹೇಳಿದನಂತೆ. ಮಾಷ್ಟ್ರಿಗೆ ಅಹಂಕಾರ, ಹಿರಿಯರ ಮಾನ ತೆಗೆದರು ಎಂದು ಊರೆಲ್ಲ ಸುದ್ದಿ. ಎಂಥ ಊರು ನಮ್ಮದು! ಕಾಯಿಲೆ ಹಂಚುವವನು ದಾನಿ, ಬೇಡ ಎಂದವನು ಅಹಂಕಾರಿ.

ತರಗತಿ ನಮ್ಮ ಅಂಗಳಕ್ಕೆ ಬಂತು. ಅರ್ಧಕ್ಕರ್ಧ ಮಂದಿ ಬರಲಿಲ್ಲ. ಮಾಷ್ಟ್ರು ತಾವೇ ಅಂಗಳ ಗುಡಿಸಿ ಚಾಪೆ ಹಾಸುತ್ತಿದ್ದರು. ಸೊಂಟನೋವಿಗೆಂದು ಸೇರಿದ್ದ ಎರ್ಮಾಳಿನ ಮೀನು ಮಾರುವ ಅಕ್ಕ ಮಾತ್ರ ಮೊದಲಿಗಿಂತ ಬೇಗ ಬರತೊಡಗಿದಳು. "ಅಲ್ಲಿ ಹೋದರೆ ನೆಲದಲ್ಲಿ ಪಾಯಸ ಮೆಟ್ಟಬೇಕು. ಇಲ್ಲಿ ಮಣ್ಣು, ಒಳ್ಳೆಯದಾಯ್ತು ಬಿಡಿ ಮಾಷ್ಟ್ರೇ" ಎನ್ನುತ್ತಿದ್ದಳು. ಅವರನ್ನು ನಗಿಸುವುದು ಅವಳಿಗೊಬ್ಬಳಿಗೇ ಸಾಧ್ಯವಿತ್ತು.

ಮೊನ್ನೆಯ ಬೇಸಗೆಯಲ್ಲಿ, ನಮ್ಮ ಮನೆಗೆ ಬರಲು ಹೆದ್ದಾರಿ ದಾಟುತ್ತಿದ್ದಾಗ, ತಪ್ಪು ಬದಿಯಲ್ಲಿ ನುಗ್ಗಿ ಬಂದ ಬೈಕೊಂದು ಮಾಷ್ಟ್ರಿಗೆ ಬಡಿಯಿತು. ಸುದ್ದಿ ಕೇಳಿ ಓಡಿದೆ. ನಾಡಿ ಹಿಡಿದು ನೋಡಿದೆ. ನೋಡುವಂಥದ್ದು ಏನೂ ಉಳಿದಿರಲಿಲ್ಲ.

ಹೆಣವನ್ನು ಅವರ ಮನೆಯ ಅಂಗಳಕ್ಕೆ ತಂದಾಗ ಊರೆಲ್ಲ ಸೇರಿತ್ತು. ಸಭಾಭವನದ ಯಜಮಾನರೂ ಬಂದಿದ್ದರು. ಗೇಟಿನ ಬಳಿ ನಿಂತು ಯಾರಿಗೋ ಹೇಳುತ್ತಿದ್ದರು, "ಇಷ್ಟು ಯೋಗ ಮಾಡಿ ಎಂತ ಆಯ್ತು ನೋಡಿ. ಸಿಹಿ ಬಿಟ್ಟರು, ಎಣ್ಣೆ ಬಿಟ್ಟರು, ನಮಗಿಂತ ಮೊದಲು ಹೋದರು." ಕೇಳಿದವರು ಹೌದೆಂದು ತಲೆಯಾಡಿಸಿದರು. ಯೋಗ ಮಾಡಿದವನಿಗೆ ಬೈಕು ಬಡಿಯಬಾರದೆಂದು ಯಾವ ಶಾಸ್ತ್ರದಲ್ಲಿದೆ? ಸಾವಿನ ಮನೆ ಎಂದು ತುಟಿ ಕಚ್ಚಿಕೊಂಡೆ.

ಚಟ್ಟ ಎತ್ತುವ ಹೊತ್ತಾಯಿತು. ನಮ್ಮವರು ಹೋಗಿ ಹಿಂದಿನ ಮೂಲೆಗೆ ಹೆಗಲು ಕೊಡಲು ನಿಂತರು. ಕಾಲಲ್ಲಿ ಬೂಟು ಇತ್ತು. ಬಿಸಿಲಿಗೆ ಡಾಮರು ಕುದಿಯುತ್ತಿತ್ತು. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ನಮ್ಮವರ ಪಾದಕ್ಕೆ ಬಿಸಿಯೂ ತಿಳಿಯುವುದಿಲ್ಲ, ಮುಳ್ಳೂ ತಿಳಿಯುವುದಿಲ್ಲ.

"ಬೂಟು ತೆಗೆಯಿರಿ ಮಾರಾಯ್ರೆ. ಹೆಣ ಹೊರುವಾಗ ಬೂಟು ಹಾಕುವುದುಂಟಾ? ಒಂದು ದಿನಕ್ಕೆ ಎಂತದೂ ಆಗುವುದಿಲ್ಲ" ಎಂದರು ಯಜಮಾನರು.

ನಮ್ಮವರು ಬಗ್ಗಿದರು. ಬೆರಳು ಲೇಸಿನ ಮೇಲಿತ್ತು.

"ತೆಗೆಯಬೇಡಿ!" ಎಂದೆ. ಹೆಂಗಸರ ಸಾಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. "ಆ ಕಾಲನ್ನು ಉಳಿಸಿದವರು ಚಟ್ಟದ ಮೇಲೆ ಮಲಗಿದ್ದಾರೆ. ಅವರ ಕಣ್ಣೆದುರೇ ಅದನ್ನು ಸುಡಿಸಬೇಡಿ."

ಎಲ್ಲರೂ ಜಗಲಿಯ ಕಡೆ ನೋಡಿದರು. ಮಾಷ್ಟ್ರ ಹೆಂಡತಿ ಕಂಬಕ್ಕೆ ಒರಗಿ ಕುಳಿತಿದ್ದರು. ತಲೆಯೆತ್ತಿ, "ಹಾಕಿಕೊಂಡೇ ಹೋಗಿ. ಇಲ್ಲದಿದ್ದರೆ ಅವರು ಬೈತಾರೆ" ಎಂದರು.

ನಮ್ಮವರು ನೆಟ್ಟಗೆ ನಿಂತು ಹೆಗಲು ಕೊಟ್ಟರು. ಚಟ್ಟ ಎದ್ದಿತು. ನಾನು ಗೇಟಿನಲ್ಲಿ ನಿಂತು ಅವರ ಪಾದಗಳನ್ನೇ ನೋಡುತ್ತಿದ್ದೆ. ರಸ್ತೆಯ ತಿರುವಿನವರೆಗೆ, ಅಷ್ಟು ಭಾರ ಹೊತ್ತು, ಅವರು ಒಮ್ಮೆಯೂ ಕುಂಟಲಿಲ್ಲ.