ಹಾಸಿಗೆಯಿಂದ ಕಾಣುವ ಸಮುದ್ರ

ಸುಗತನಿಗೆ ಮೂವತ್ತು ದಾಟುವವರೆಗೂ ಸಮುದ್ರ ಹೇಗಿರುತ್ತದೆಂದು ಕಂಡು ಗೊತ್ತಿರಲಿಲ್ಲ. ಆದರೆ ಅದನ್ನು ಫೋನಿನಲ್ಲಿ ಮಾರುವುದೇ ಅವನ ಕೆಲಸವಾಗಿತ್ತು.

ಹುಟ್ಟಿ ಬೆಳೆದದ್ದು ಮರ್ಫಿ ಟೌನಿನಲ್ಲಿ. ಅಪ್ಪ ದಂಡಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ತಾವು ಬೌದ್ಧರಾದ ವರ್ಷವೇ ಹುಟ್ಟಿದ ಮಗನಿಗೆ ಬುದ್ಧನ ಹೆಸರುಗಳಲ್ಲೇ ಒಂದನ್ನು ಇಟ್ಟರು. ಹುಡುಗನಿಗೆ ಓದು ಅಷ್ಟಕ್ಕಷ್ಟೆ. ದನಿ ಮಾತ್ರ ಎಲ್ಲಿಂದ ಬಂತೋ ಮನೆಯವರಿಗೂ ತಿಳಿಯದು. ಏಪ್ರಿಲ್ ತಿಂಗಳ ಜಯಂತಿಯ ದಿನ ಬೀದಿಯ ಪೆಂಡಾಲಿನಲ್ಲಿ ಮೈಕು ಹಿಡಿದು, "ಊಟ ಖಾಲಿಯಾಗಿದೆ, ದಯವಿಟ್ಟು ಸಹಕರಿಸಿ" ಎಂದು ಅವನು ಹೇಳಿದರೆ ಹಸಿದು ನಿಂತವರಿಗೂ ಬೇಜಾರಾಗುತ್ತಿರಲಿಲ್ಲ.

ತೊಂಬತ್ತಾರರಲ್ಲಿ ಪೇಪರಿನ ಜಾಹೀರಾತು ನೋಡಿ ಒಂದು ನಂಬರಿಗೆ ಫೋನ್ ಮಾಡಿದ. ಆ ಕಡೆ ಇದ್ದವರು ಭಗವಂತರಾಯರು. ಕಲಬುರ್ಗಿ ಕಡೆಯವರು, ರಸ್ತೆ ಕಂಟ್ರಾಕ್ಟಿನಿಂದ ಮೇಲೆ ಬಂದವರು, ಹೊನ್ನಾವರದಾಚೆ ಕಡಲ ತೀರದಲ್ಲಿ 'ಅಲೆಮನೆ' ಎಂಬ ರೆಸಾರ್ಟ್ ಕಟ್ಟಿಸಿದ್ದರು. ಸುಗತ ಹೆಸರು, ಓದು ಎಲ್ಲ ಹೇಳುತ್ತ ಹೋದ. ಅವರು ಅದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. "ಇನ್ನೊಂಚೂರು ಮಾತಾಡಪ್ಪ" ಎಂದರು. ಮಾತಾಡಿದ. "ನಾಳಿಂದ ಬಾ" ಎಂದರು.

ಇಂದಿರಾನಗರದ ಒಂದು ಬೇಕರಿಯ ಮೇಲೆ ಎರಡು ಕೋಣೆಯ ಬುಕಿಂಗ್ ಆಫೀಸು. ಗೋಡೆಗೆ ರೆಸಾರ್ಟಿನ ದೊಡ್ಡ ಫೋಟೊ: ಬಿಳಿ ಹಾಸಿಗೆ, ತೆರೆದ ಕಿಟಕಿ, ಕಿಟಕಿ ತುಂಬ ನೀಲಿ. ಸುಗತ ಆ ಫೋಟೊ ನೋಡುತ್ತ, ಫೋನ್ ಮಾಡಿದವರ ಭಾಷೆಗೆ ತಕ್ಕಂತೆ ಕನ್ನಡ, ತಮಿಳು, ಉರ್ದು, ಇಂಗ್ಲಿಷಿನಲ್ಲಿ ಸಮುದ್ರ ವರ್ಣಿಸುತ್ತಿದ್ದ. "ಕಾಫಿ ಕುಡಿಯೋಕೆ ನೀವು ಹಾಸಿಗೆಯಿಂದ ಇಳಿಯೋದೇ ಬೇಡ ಮೇಡಂ, ಸಮುದ್ರ ಎದುರಿಗೇ ಇರುತ್ತೆ." ಮಾತಿಗೆ ಮಾತು ಸೇರಿ, ಫೋಟೊದಲ್ಲಿಲ್ಲದ ಡಾಲ್ಫಿನ್‌ಗಳೂ ಒಂದು ದಿನ ಬಂದುಬಿಟ್ಟವು. ಕೆಲವರು "ಆಲೆಮನೆನಾ? ಬೆಲ್ಲ ತಯಾರು ಮಾಡ್ತೀರಾ?" ಎಂದು ಕೇಳುತ್ತಿದ್ದರು. ಅಂಥವರೂ ಕೊನೆಗೆ ರೂಮು ಬುಕ್ ಮಾಡಿಯೇ ಫೋನಿಡುತ್ತಿದ್ದರು.

ಹೋಗಿ ಬಂದವರ ದೂರುಗಳೂ ಅವನಿಗೇ ಬರುತ್ತಿದ್ದವು. ಸಮುದ್ರ ಕಾಣಲಿಲ್ಲ ಎನ್ನುವುದೇ ಹೆಚ್ಚು. ಸುಗತ ಅವರನ್ನು ಸಮಾಧಾನ ಮಾಡಿ, ಆಮೇಲೆ ರೆಸಾರ್ಟಿನ ಮ್ಯಾನೇಜರ್ ಹಂಪಣ್ಣನಿಗೆ ಫೋನ್ ಮಾಡಿ, ಗೆಸ್ಟುಗಳಿಗೆ ಹಿಂದುಗಡೆಯ ರೂಮು ಯಾಕೆ ಕೊಡುತ್ತೀರೆಂದು ನಯವಾಗಿ ಗದರಿಸುತ್ತಿದ್ದ. ಹೊಸಪೇಟೆಯ ಹಂಪಣ್ಣನೂ ಅವನೂ ಐದು ವರ್ಷ ಹೀಗೆ ಜಗಳಾಡಿದ್ದರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಅದೇ ಭಗವಂತರಾಯರಿಗೆ ಅನುಕೂಲವಾಗಿ ಕಂಡಿತು. ದೂರುಗಳು ಹೆಚ್ಚಾದಾಗ ಸುಗತನನ್ನು ಕರೆದು, "ನಿನ್ನ ಮಾರಿ ಅಲ್ಲಿ ಯಾರೂ ನೋಡಿಲ್ಲ. ಹೆಂಡ್ತಿ ಕರಕೊಂಡು ಗೆಸ್ಟ್ ಆಗಿ ಹೋಗು. ಹಂಪಣ್ಣ ಏನೇನು ಮಾಡ್ತಾನ ನೋಡಿಕೊಂಡು ಬಾ" ಎಂದರು.

ಸುಗತನ ಹೆಂಡತಿ ಯಮುನಾ ಗರುಡಾಚಾರ್‌ಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಮಿಷನ್ನುಗಳ ಸದ್ದಿನ ಮೇಲೆ ಕೂಗಿ ಕೂಗಿ ಅವಳ ಮಾತು ಬೀದಿಯ ತುದಿಗೆ ಕೇಳುತ್ತಿತ್ತು. ಬಸ್ಸಿನಲ್ಲಿ ಕೂತ ಮೇಲೆ ಅವಳಿಗೊಂದು ಹೊಳೆಯಿತು. "ಮುಖ ನೋಡಿಲ್ಲ ಸರಿ. ನೀವು ಬಾಯಿ ಬಿಟ್ರೆ?"

ಸುಗತನಿಗಾಗಲಿ, ಭಗವಂತರಾಯರಿಗಾಗಲಿ ಇದು ಹೊಳೆದಿರಲೇ ಇಲ್ಲ.

ಹಾಗಾಗಿ ರೆಸಾರ್ಟಿನ ಕೌಂಟರಿನಲ್ಲಿ ಯಮುನಾ ತಾನೇ ಮುಂದೆ ನಿಂತು, "ನಮ್ಮೆಜಮಾನ್ರು ವಿಕ್ರಮ್ ಅಂತ. ಗಂಟ್ಲು ಆಪರೇಷನ್ ಆಗಿದೆ, ಮಾತಾಡೋ ಹಾಗಿಲ್ಲ" ಎಂದಳು. ಹಂಪಣ್ಣ ದಪ್ಪ ಮೀಸೆಯ ಮೆತ್ತನೆ ಮನುಷ್ಯ. ಸುಗತನ ಕೈಯಿಂದ ಚೀಲ ತಾನೇ ತೆಗೆದುಕೊಂಡ. ಅಡುಗೆಯವನಿಗೆ, ಸಾಹೇಬರಿಗೆ ಖಾರ, ಎಣ್ಣೆ ತಾಗಿಸಬಾರದೆಂದು ತಾಕೀತು ಮಾಡಿದ. ಆ ದಿನ ಯಮುನಾ ಎರಡು ಹೊತ್ತೂ ಕಾಣೆ ಮೀನಿನ ಫ್ರೈ ತಿಂದಳು. ಅವಳ ಎದುರು ಕೂತು ಸುಗತ ಉಪ್ಪುಗಂಜಿ ಕುಡಿದ.

ರೂಮಿಗೆ ಹೋದವನೇ ಹಾಸಿಗೆಯ ಮೇಲೆ ಕೂತು ಕಿಟಕಿಯ ಕಡೆ ನೋಡಿದ. ಗಾಳಿಮರಗಳು ಒತ್ತೊತ್ತಾಗಿ ಗೋಡೆಯಂತೆ ನಿಂತಿದ್ದವು. ದಿಂಬಿನ ಮೇಲೆ ದಿಂಬಿಟ್ಟು ಹತ್ತಿ ನಿಂತ. ಆಗಲೂ ಮರಗಳೇ.

"ಸದ್ದೇನೋ ಕೇಳ್ತಿದೆ ಕಣ್ರೀ. ನೋಡ್ಬೋದು ಅಂತ ಹೇಳೋ ಬದ್ಲು ಕೇಳ್ಬೋದು ಅಂತ ಹೇಳಿದ್ರೆ ಆಗೋದು" ಎಂದಳು ಯಮುನಾ.

ಸಂಜೆ ಮರಳಿನಲ್ಲಿ ಕಾಲೆಳೆಯುತ್ತ, ಮರಗಳನ್ನು ದಾಟಿ ಹೋಗಿ ಇಬ್ಬರೂ ಮೊದಲ ಸಲ ಸಮುದ್ರ ನೋಡಿದರು. ಸುಗತನಿಗೆ ಒಮ್ಮೆ ಜೋರಾಗಿ ಕೂಗಬೇಕೆನಿಸಿತು. ಪಕ್ಕದಲ್ಲೇ ರೆಸಾರ್ಟಿನವರು ನಿಂತಿದ್ದರು. ಬಾಯಿ ಮುಚ್ಚಿಕೊಂಡು ಹಿಂದಿರುಗಿದ.

ವರಾಂಡದಲ್ಲಿ ಚಹಾ ಕೊಡುತ್ತ ಹಂಪಣ್ಣ ಯಮುನಾಳ ಹತ್ತಿರ ಹೇಳಿಕೊಂಡ. "ಫೋಟೊ ತೆಗದಾಗ ಇವು ಮೊಳಕಾಲುದ್ದ ಇದ್ದುವು ನೋಡ್ರಿ. ಅರಣ್ಯದವರ ಮರ, ಕಡಿಯಂಗಿಲ್ಲ. ಈಗ ಯಾ ರೂಮಿನ್ಯಾಗ ಕುಂತರೂ ಸಮುದ್ರ ಕಾಣೂದಿಲ್ಲ. ಬೆಂಗಳೂರಾಗ ಒಬ್ಬ ಅದಾನ್ರಿ, ಬಂದ ಮಂದಿಗೆಲ್ಲಾ ಫೋನಿನ್ಯಾಗ ತೋರಸ್ತಾನ. ಬೈಸಿಕೊಳ್ಳಾಂವ ನಾನು."

"ಅವರಿಗೆ ಹೇಳ್ಬಾರ್ದಾ?"

"ಹೇಳಾಕಂತನಽ ಫೋನ್ ಹಚ್ಚತೀನ್ರಿ. ಅಂವಾ ಮಾತಾಡಾಕ ಸುರು ಮಾಡಿದ್ರ ಎಷ್ಟು ಛಂದ ಇರತದಂದ್ರ, ತಪ್ಪು ನಂದಽ ಇರಬೇಕು ಅನಸ್ತದ."

ಸುಗತ ಚಹಾ ಲೋಟದೊಳಗೆ ನೋಡುತ್ತ ಕೂತ. ಐದು ವರ್ಷ ತಾನು ಗದರಿಸಿದ್ದು ಇವನನ್ನೇ. ಇಲ್ಲಿ ಹಿಂದುಗಡೆಯ ರೂಮು, ಮುಂದುಗಡೆಯ ರೂಮು ಎಂಬುದೇ ಇರಲಿಲ್ಲ.

ಮರುದಿನ ಬೆಳಗ್ಗೆ ಪಕ್ಕದ ರೂಮಿನಿಂದ ಗಲಾಟೆ ಕೇಳಿಸಿತು. ಶಿವಾಜಿನಗರದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಜ್ಮತ್ ತನ್ನ ತಾಯಿ ಖುರ್ಷೀದಾರನ್ನು ಕರೆದುಕೊಂಡು ಬಂದಿದ್ದ. ಮಂಡಿನೋವಿನ ಆಕೆಗೆ ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ. ಸಾಯುವುದರೊಳಗೆ ಸಮುದ್ರ ನೋಡಬೇಕೆಂದು ಆಸೆಪಟ್ಟಿದ್ದರು. ಹಾಸಿಗೆಯಿಂದಲೇ ಕಾಣುತ್ತದೆಂದು ತಿಳಿದು ಅಜ್ಮತ್ ಇಲ್ಲಿಗೇ ಬಂದಿದ್ದ. ಈಗ ಅವನು ಹಂಪಣ್ಣನನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದ. ಹಂಪಣ್ಣ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಸುಗತನ ಗಂಜಿ ಹಿಡಿದುಕೊಂಡು ಬಂದ ಅಡುಗೆಯವನೂ ಬಾಗಿಲಲ್ಲಿ ನಿಂತ. ಯಮುನಾ ಒಳಗೆ ನುಗ್ಗಿದಳು, ಹಿಂದೆಯೇ ಸುಗತ.

ಖುರ್ಷೀದಾ ಮಾತ್ರ ಹಾಸಿಗೆಯ ಮೇಲೆ ಕಿಟಕಿಗೆ ಮುಖ ಮಾಡಿ ಶಾಂತವಾಗಿ ಕೂತಿದ್ದರು. ಯಮುನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: "ನಮ್ ಅಜ್ಮತ್‌ಗೆ ಗುಸ್ಸಾ ಜಾಸ್ತಿ. ಫೋನಲ್ಲಿ ಆ ಬೇಟಾ ನನ್ ಹತ್ರಾನೇ ಮಾತಾಡ್ದ. 'ಅಮ್ಮಾ, ನೀವು ಇಳೀಲೇಬೇಡಿ, ಸಮುದ್ರಾನೇ ನಿಮ್ಮನ್ನ ನೋಡೋಕೆ ಬರುತ್ತೆ' ಅಂದ. ಸುಳ್ಳು ಹೇಳೋ ಆವಾಜ್ ಅಲ್ಲಮ್ಮ ಅದು. ಈ ಮರಗಳೇ ಎಲ್ಲಿಂದಲೋ ಬಂದ್ಬಿಟ್ಟಿವೆ."

ಆಕೆಯೂ ಬೈದಿದ್ದರೆ ಸುಗತ ಸುಮ್ಮನಿರುತ್ತಿದ್ದನೋ ಏನೋ. ಬೈಗುಳ ತಡೆದುಕೊಳ್ಳುವುದು ಅವನಿಗೆ ರೂಢಿಯಾಗಿತ್ತು.

"ಅಮ್ಮಾ, ಹಾಗಂದಿದ್ದು ನಾನೇ. ಸುಳ್ಳೇ ಹೇಳಿದ್ದು" ಎಂದ.

"ಗಂಟಲು ಗುಣ ಆಯ್ತಾ?" ಎಂದು ಅಡುಗೆಯವನು ಸಂತೋಷದಿಂದ ಕೇಳಿದ. ಹಂಪಣ್ಣ ಮಾತ್ರ "ಇದಽ ದನಿ! ಇದಽ!" ಎನ್ನುತ್ತ ಗೋಡೆಗೆ ಒರಗಿದ. ಅಜ್ಮತ್ ಎರಡೇ ಹೆಜ್ಜೆಗೆ ಬಂದು ಸುಗತನ ಕಾಲರ್ ಹಿಡಿದುಕೊಂಡ.

"ಬಿಡೋ ಅವನ್ನ" ಎಂದರು ಖುರ್ಷೀದಾ. "ಮೊದ್ಲು ಸಮುದ್ರ ತೋರಿಸ್ಲಿ. ಆಮೇಲೆ ಬೇಕಾದ್ರೆ ಹೊಡಿ."

ವರಾಂಡದ ಬೆತ್ತದ ಕುರ್ಚಿಯಲ್ಲಿ ಆಕೆಯನ್ನು ಕೂರಿಸಿದರು. ಮುಂದೆ ಸುಗತ ಮತ್ತು ಅಜ್ಮತ್, ಹಿಂದೆ ಹಂಪಣ್ಣ ಮತ್ತು ಅಡುಗೆಯವನು. ಮರಳಿನಲ್ಲಿ ಕಾಲು ಹೂತು ನಾಲ್ವರೂ ಏದುಸಿರು ಬಿಡುತ್ತಿದ್ದರೆ ಖುರ್ಷೀದಾ ಮೇಲಿನಿಂದ, "ಅಜ್ಮತ್, ನಿನ್ ಕಡೆ ಇಳೀತಾ ಇದೆ ನೋಡು" ಎಂದು ತಿದ್ದುತ್ತಿದ್ದರು. ಪಕ್ಕದಲ್ಲಿ ಯಮುನಾ ಮಿಷನ್ ಲೈನಿನಲ್ಲಿ ಕೂಗುವಂತೆ "ಎತ್ತಿ, ಎತ್ತಿ" ಎನ್ನುತ್ತ ನಡೆದಳು. ಅಲೆ ಬಂದು ಪಾದ ತೋಯಿಸುವ ಕಡೆ ಕುರ್ಚಿ ಇಳಿಸಿದರು.

ಆಕೆ ಸೆರಗು ಬಿಗಿ ಮಾಡಿಕೊಂಡು ಬಹಳ ಹೊತ್ತು ನೋಡಿದರು. ಎಲ್ಲರೂ ಅವರ ಬಾಯಿಂದ ಏನು ಬರುತ್ತದೋ ಎಂದು ಕಾದರು.

"ನಮ್ ಹಲಸೂರು ಕೆರೆ ಥರಾನೇ ಇದೆ. ಆಚೆ ಕಡೆ ದಡ ಹಾಕೋದು ಮರ್ತಿದಾರೆ ಅಷ್ಟೆ" ಎಂದರು. ಆಮೇಲೆ ಸುಗತನ ಕಡೆ ತಿರುಗಿದರು. "ಡಾಲ್ಫಿನ್ ಅಂದಿದ್ದೆಯಲ್ಲ, ಎಲ್ಲಿ?"

"ಅದೂ ನಾನೇ ಸೇರಿಸಿದ್ದಮ್ಮ."

"ಹೋಗ್ಲಿ ಬಿಡು. ಅದೇನು ಅಂತ ನಂಗೂ ಗೊತ್ತಿಲ್ಲ."

ಮಧ್ಯಾಹ್ನದವರೆಗೂ ಆಕೆ ಏಳಲಿಲ್ಲ. ಹೊಡೆಯುವ ಮಾತು ಅಜ್ಮತ್‌ಗೆ ಮರೆತೇ ಹೋಗಿತ್ತು. ಊಟಕ್ಕೆ ಹಂಪಣ್ಣ ಸುಗತನ ತಟ್ಟೆಗೆ ಎರಡು ಮೀನು ಹಾಕಿಸಿದ.

ಬೆಂಗಳೂರಿಗೆ ಬಂದು ಸುಗತ ನಡೆದದ್ದನ್ನೆಲ್ಲ ಹೇಳಿದ. ಹಂಪಣ್ಣನ ತಪ್ಪಿಲ್ಲ, ತಪ್ಪು ನನ್ನದು, ನಮ್ಮ ಫೋಟೊದ್ದು ಎಂದ. ಕೆಲಸ ಹೋಯಿತೆಂದೇ ತಿಳಿದಿದ್ದ. ಭಗವಂತರಾಯರು ಕಣ್ಣು ಮುಚ್ಚಿ ಕೇಳಿದರು.

"ಕುರ್ಚಿಯೊಳಗ ಹೊತ್ತು ಒಯ್ದ್ರಿ?"

"ಹೌದು ಸಾರ್."

"ಮುದುಕಿ ಖುಷಿ ಆದಳು?"

"ಆದ್ರು ಸಾರ್."

"ಪಲ್ಲಕ್ಕಿ ಸೇವಾ ಅಂತ ಹೆಸರಿಡು. ಹಿರಿಯರಿಗೆ ಬ್ಯಾರೆ ಚಾರ್ಜ್."

ಗೋಡೆಯ ಫೋಟೊ ಇಳಿಸಲು ಅವರು ಒಪ್ಪಲಿಲ್ಲ. ಫ್ರೇಮು ಹಾಕಿಸಿದ್ದು ದಂಡವಾಗುತ್ತದೆ ಎಂದರು. ಸುಗತ ಮಾತ್ರ ಅಂದಿನಿಂದ ಫೋನಿನಲ್ಲಿ ಇದ್ದದ್ದನ್ನೇ ಹೇಳತೊಡಗಿದ. "ರೂಮಿಂದ ಸಮುದ್ರ ಕಾಣಲ್ಲ ಸಾರ್. ಮರ ಇವೆ. ತಂಪಾಗಿರುತ್ತೆ." ಬುಕಿಂಗ್ ಬೀಳುತ್ತದೆಂದು ಹೆದರಿದ್ದ. ಅದೇ ದನಿಯಲ್ಲಿ ಹೇಳಿದ್ದರಿಂದಲೋ ಏನೋ, ಜನ ಮರಗಳನ್ನೂ ಅಷ್ಟೇ ಖುಷಿಯಿಂದ ಕೊಂಡರು. ದೂರು ನಿಂತಿತು. ಹಂಪಣ್ಣ ಫೋನ್ ಮಾಡಿದರೆ ಈಗ ಮಕ್ಕಳ ಶಾಲೆಯ ಮಾತು.

ಎರಡು ಸಾವಿರದ ನಾಲ್ಕರ ಮಳೆಗಾಲ ಕಳೆದ ಮೇಲೆ ಹಲಸೂರಿನ ರಮಾಮಣಿ ಎಂಬ ಹೆಂಗಸು ರೆಸಾರ್ಟಿನಿಂದಲೇ ಫೋನ್ ಮಾಡಿದಳು. "ಮರ ಇದೆ, ನೆರಳು ಇದೆ ಅಂದ್ರಲ್ರೀ? ಎಲ್ಲಿದೆ? ಮಧ್ಯಾಹ್ನದಿಂದ ಬಿಸ್ಲು ಮುಖಕ್ಕೇ ಹೊಡೀತಿದೆ. ಹಾಸಿಗೆ ಮೇಲೆ ಕೂತ್ರೆ ಎದುರಿಗೆ ಬರೀ ನೀರು!"

ಜುಲೈನ ಬಿರುಗಾಳಿಗೆ ಮುಂದಿನ ಸಾಲುಗಳೆಲ್ಲ ಉರುಳಿದ್ದವು. ಹೇಳಬೇಕೆಂದುಕೊಂಡು ಹಂಪಣ್ಣ ಮರೆತಿದ್ದ. ಸುಗತ ರಮಾಮಣಿಯ ಕ್ಷಮೆ ಕೇಳಿ, ನೇರ ಭಗವಂತರಾಯರ ಕೋಣೆಗೆ ಹೋಗಿ, ಪ್ರತಿ ವರ್ಷ ಮಳೆ ನಿಂತ ಮೇಲೆ ತಾನೇ ಒಮ್ಮೆ ಹೋಗಿ ನೋಡಿಕೊಂಡು ಬರುತ್ತೇನೆಂದ. ಒಳ್ಳೆಯ ಯೋಚನೆ ಎಂದರು ಅವರು. ಆದರೆ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ, ಗೆಸ್ಟುಗಳಿಲ್ಲದ ವಾರ ನೋಡಿಕೊಂಡು.

ಮನೆಯಲ್ಲಿ ಅವನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಯಮುನಾ ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.