ಅಮ್ಮನಿಗೆ ಕಣ್ಣು ಕೊಟ್ಟ ಫೋಟೋ ಸಾಬರು

ಅವರ ಬಲಗೈಯ ಮೂರು ಬೆರಳುಗಳ ತುದಿ ಉಗುರಿನ ಸಮೇತ ಕಂದುಗಟ್ಟಿತ್ತು. ಫೋಟೋ ತೊಳೆಯುವ ಔಷಧಿಯ ನೀರಿನಲ್ಲಿ ಮೂವತ್ತು ವರ್ಷ ಅದ್ದಿದ ಬೆರಳುಗಳವು. ಸೋಪಿಗಾಗಲಿ ನಿಂಬೆಹಣ್ಣಿಗಾಗಲಿ ಆ ಬಣ್ಣ ಬಿಡುತ್ತಿರಲಿಲ್ಲ. ಹೊಸಬರು ಬೀಡಿ ಸೇದಿ ಹೀಗಾಗಿದೆ ಅಂದುಕೊಳ್ಳುತ್ತಿದ್ದರು. ಅವರು ಬೀಡಿ ಮುಟ್ಟಿದವರೇ ಅಲ್ಲ. ಚಹಾ ಮಾತ್ರ ಯಾರು ಬಂದರೂ ಅವರ ನೆಪದಲ್ಲಿ ಇನ್ನೊಂದು ಲೋಟ ತರಿಸಿಕೊಳ್ಳುತ್ತಿದ್ದರು.

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಸ್ಟುಡಿಯೋ. ಊರೆಲ್ಲ ಅವರನ್ನು ಫೋಟೋ ಸಾಬರು ಅನ್ನುತ್ತಿತ್ತು. ನಾನೂ ಹಾಗೇ ಕರೆದವಳು, ಇಲ್ಲೂ ಹಾಗೇ ಕರೆಯುತ್ತೇನೆ. ಎಪ್ಪತ್ತರ ದಶಕ ಅದು. ಬಣ್ಣದ ಫೋಟೋ ಬಂದಿದೆಯಂತೆ ಎಂಬ ಸುದ್ದಿ ಮಾತ್ರ ನಮ್ಮ ಕಡೆ ತಲುಪಿತ್ತು. ಕಪ್ಪು-ಬಿಳುಪಿನ ಫೋಟೋ ಅಂದರೆ ಸುತ್ತಲಿನ ಊರುಗಳಿಗೆಲ್ಲ ಅವರೇ. ಗಂಡಿನ ಕಡೆಯವರಿಗೆ ಕಳಿಸುವ ಫೋಟೋಕ್ಕೆಂದು ಹೊಸದುರ್ಗ, ಹೊಳಲ್ಕೆರೆಯಿಂದಲೂ ಹುಡುಗಿಯರನ್ನು ಅವರಲ್ಲಿಗೆ ಕರೆತರುತ್ತಿದ್ದರು.

ಸ್ಟುಡಿಯೋದ ಒಳಗೋಡೆಗೆ ಅವರು ಇಂಗ್ಲಿಷ್ ಪತ್ರಿಕೆಗಳಿಂದ ಕತ್ತರಿಸಿದ ಕೆಲವು ಚಿತ್ರಗಳನ್ನು ಅಂಟಿಸಿದ್ದರು. ಹಿಮದ ಬೆಟ್ಟ, ಮರಳಿನ ದಿಬ್ಬ, ಯಾವುದೋ ದೇಶದ ಮುದುಕಿಯ ಮುಖ. ಎಲ್ಲ ಕಪ್ಪು-ಬಿಳುಪಿನವೇ. ಇವನ್ನೆಲ್ಲ ತೆಗೆದವರು ಯಾರು ಎಂದು, ಟೀಚರಾದ ಹೊಸತರಲ್ಲಿ ನಾನೊಮ್ಮೆ ಕೇಳಿದೆ.

"ದೊಡ್ಡ ದೊಡ್ಡ ಫೋಟೋಗ್ರಾಫರು, ಟೀಚರಮ್ಮ. ಜಗತ್ತಿಗೇ ಹೆಸರಾದೋರು. ಕೆಲಸ ಚೆನ್ನಾಗೈತೆ, ಇಲ್ಲ ಅನ್ನಲ್ಲ. ಆದ್ರೆ ಬೆಟ್ಟ ಅಲ್ಲಾಡಲ್ಲ ನೋಡ್ರಿ. ನಮ್ಮ ಜವನಗೊಂಡನಹಳ್ಳಿ ಮದುಮಗನ್ನ ಕುಂದ್ರಿಸಿ ತೆಗೀಲಿ, ಆಗ ನೋಡಾಣ."

ಹೀಗೆ ಆಡಿಕೊಂಡರೂ ದಿನಾ ಬೆಳಿಗ್ಗೆ ಆ ಚಿತ್ರಗಳ ಧೂಳನ್ನು ತಮ್ಮ ಹೆಗಲ ವಸ್ತ್ರದಿಂದಲೇ ಒರೆಸುತ್ತಿದ್ದರು. ಅಷ್ಟು ಭಕ್ತಿ.

ಮೂರು ಕಾಲಿನ ದೊಡ್ಡ ಕ್ಯಾಮರಾ, ಅದರ ಹಿಂದೆ ಕರಿಬಟ್ಟೆ. ತಲೆಯನ್ನು ಬಟ್ಟೆಯೊಳಗೆ ತೂರಿಸಿ "ಅಲ್ಲಾಡಬ್ಯಾಡ್ರಿ" ಅಂದರೆಂದರೆ ಹಾಲುಗಲ್ಲದ ಕೂಸೂ ಗಪ್‌ಚಿಪ್. ಫೋಟೋ ಮೂಡುತ್ತಿದ್ದದ್ದು ಗಾಜಿನ ಮೇಲೆ. ಆ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಚುಕ್ಕಿ ಚುಕ್ಕಿಯಾಗಿ ಮರೆಸುತ್ತಿದ್ದರು. ಮಗಳನ್ನು ಇನ್ನೂ ಬೆಳ್ಳಗೆ ಮಾಡಿ ಎಂದು ಪೀಡಿಸಿದ ತಾಯಿಯೊಬ್ಬಳಿಗೆ, "ಮಾಡ್ತೀನಿ ತಾಯಿ. ಮದುವೆ ದಿನ ಪೆನ್ಸಿಲ್ ಹಿಡ್ಕಂಡು ನಾನೂ ಬರ್ಲಾ?" ಅಂದಿದ್ದನ್ನು ನಾನೇ ಕೇಳಿದ್ದೇನೆ. ಕಣ್ಣನ್ನು ಮಾತ್ರ ಅವರು ತಿದ್ದುತ್ತಿರಲಿಲ್ಲ. ಕಣ್ಣು ಅವರವರದು, ಅದಕ್ಕೆ ಕೈ ಹಚ್ಚಬಾರದು ಅನ್ನುತ್ತಿದ್ದರು.

ಐಮಂಗಲದ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕ ವಾರ ಅಮ್ಮನನ್ನು ಕರೆದುಕೊಂಡು ಅವರಲ್ಲಿಗೆ ಹೋದೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ ತೆಂಗಿನಕಾಯಿ ಮಂಡಿಯಲ್ಲಿ ದುಡಿದು ನನ್ನನ್ನು ಓದಿಸಿದವಳು. ಜೊತೆಗೆ ಕೂತು ಒಂದು ಫೋಟೋ ತೆಗೆಸೋಣ ಅಂದರೆ ಒಪ್ಪಲೇ ಇಲ್ಲ. "ಗಂಡ ಇಲ್ದೋಳಿಗೆ ಫೋಟೋ ಒಂದು ಕೇಡು. ನೀನು ಕುಂತ್ಕ" ಎಂದು ಬಾಗಿಲ ಹತ್ತಿರದ ಬೆಂಚಿನಲ್ಲೇ ಉಳಿದಳು. ನನ್ನ ಫೋಟೋ ಮುಗಿಯಿತು. ಸಾಬರು ಮಾತಾಡುತ್ತಲೇ ಕ್ಯಾಮರಾವನ್ನು ಬಾಗಿಲ ಕಡೆ ತಿರುಗಿಸಿ, ಹೊಸ ಗಾಜು ಹಾಕಿ, "ಅವ್ವಾರೆ, ನಿಮ್ಮ ಮಗಳು ಟೀಚರ್ ಆದ್ಳು. ಇನ್ಮೇಲೆ ನಿಮಗೂ ಕೋಲು ತಗಂಡು ಪಾಠ ಹೇಳ್ತಾಳೆ" ಅಂದರು. ಅಮ್ಮ ನಕ್ಕಳು. ಅವಳು ಬಾಯ್ತುಂಬ ನಗುವುದೇ ಅಪರೂಪ. ಅಷ್ಟರಲ್ಲಿ ಅವರು ತೆಗೆದುಬಿಟ್ಟಿದ್ದರು.

ಅಮ್ಮನಿಗೆ ಕೋಪ ಬಂತು. ಪ್ರಿಂಟು ಹಾಕಕೂಡದು ಎಂದು ಅವರಿಂದ ಮಾತು ತೆಗೆದುಕೊಂಡಳು. ಮುಂದೆ ಯಾವಾಗಲಾದರೂ ಗುಟ್ಟಾಗಿ ಹಾಕಿಸಿಕೊಂಡರಾಯಿತು ಎಂದು ನಾನೂ ಸುಮ್ಮನಾದೆ. ದಿನಾ ಬಸ್ಸಿಗೆ ಹೋಗುವಾಗ ಅವರ ಬಾಗಿಲ ಮುಂದೆಯೇ ಹಾಯುತ್ತಿದ್ದೆ. ಒಂದು ದಿನವೂ ಒಳಗೆ ಹೋಗಿ ಕೇಳಲಿಲ್ಲ.

ಎರಡು ವರ್ಷದ ಮೇಲೆ ಅಮ್ಮ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಳು.

ಸತ್ತವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕೊನೆಯ ಫೋಟೋ ತೆಗೆಸುವುದು ನಮ್ಮಲ್ಲಿ ವಾಡಿಕೆ. ಸಾಬರು ಬಂದರು. ಕ್ಯಾಮರಾ ನಿಲ್ಲಿಸಿ, ಕರಿಬಟ್ಟೆ ಹೊದ್ದು, ಎಲ್ಲರಿಗೂ ಹೇಳಿ ರೂಢಿಯಾದ ಮಾತನ್ನೇ ಹೇಳಿದರು.

"ಅಲ್ಲಾಡಬ್ಯಾಡ್ರಿ, ಅವ್ವಾರೆ."

ಬಟ್ಟೆಯೊಳಗಿಂದ ಅವರು ಬಹಳ ಹೊತ್ತು ತಲೆ ಈಚೆ ತೆಗೆಯಲಿಲ್ಲ. ಬೆನ್ನು ಅದುರುವುದು ಮಾತ್ರ ಕಾಣುತ್ತಿತ್ತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಅವರ ಸ್ಟುಡಿಯೋಕ್ಕೆ ಹೋದೆ. ಕಣ್ಣು ಮುಚ್ಚಿದ ಅಮ್ಮ ನನಗೆ ಬೇಡ, ಅವತ್ತು ನಕ್ಕ ಅಮ್ಮನ ಗಾಜು ಕೊಡಿ ಅಂದೆ. ಅವರು ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ ಒಂದೊಂದೇ ಗಾಜನ್ನು ಬೆಳಕಿಗೆ ಹಿಡಿದು ನೋಡಿದರು. ನಾನೂ ನೋಡಿದೆ. ಕೊನೆಯ ಡಬ್ಬಿಯೂ ಮುಗಿದ ಮೇಲೆ ಕೈಕಟ್ಟಿ ನಿಂತರು.

"ತೊಳೆದುಬಿಟ್ಟೀನಿ ಟೀಚರಮ್ಮ. ಒಂದು ವರ್ಷ ನೋಡ್ತೀನಿ. ಯಾರೂ ಕೇಳದಿದ್ರೆ ಬಿಸಿನೀರಿಗೆ ಹಾಕಿ ಉಜ್ಜಿ, ದೇವರ ಪಟಕ್ಕೆ ಗಾಜು ಮಾಡ್ತೀನಿ. ಅದೂ ಹೋಗೈತೆ. ನೋಡಿ ತೊಳೀಬೇಕಿತ್ತು. ನೋಡ್ಲಿಲ್ಲ."

ನಾನು ಬಾಗಿಲ ಕಡೆ ತಿರುಗಿದೆ. ಅವರೇ, "ಅವ್ವಾರಿಗೆ ಕಣ್ಣು ತೆರಸ್ತೀನಿ. ನೀವು ಒಂದ್ಸಲ ಇಲ್ಲಿ ಕುಂತ್ಕಳ್ರಿ" ಅಂದರು. ಅಮ್ಮನ ಕೊನೆಯ ಫೋಟೋದಲ್ಲಿ ಬೆಳಕು ಬಿದ್ದ ಕಡೆಯಿಂದಲೇ ನನಗೂ ಬೆಳಕು ಬೀಳುವಂತೆ ಕೂರಿಸಿ ನನ್ನ ಫೋಟೋ ತೆಗೆದರು. ಅದರಿಂದ ಕಣ್ಣುಗಳನ್ನು ಕತ್ತರಿಸಿ, ಅಮ್ಮನ ಮುಖದ ಮೇಲೆ ಅಂಟಿಸಿ, ಅಂಚು ಕಾಣದಂತೆ ಕುಂಚದಿಂದ ತಿದ್ದಿ, ಮತ್ತೆ ಅದನ್ನೇ ಫೋಟೋ ತೆಗೆದರು. ಕಣ್ಣಿಗೆ ಕೈ ಹಚ್ಚಬಾರದು ಅನ್ನುತ್ತಿದ್ದವರು ಒಂದು ತಿಂಗಳು ಅದನ್ನೇ ಮಾಡಿದರು.

ಪಟ ಕಟ್ಟಿಸಿ ಮನೆಗೆ ತಂದುಕೊಟ್ಟರು. ನೋಡಿದೆ. ವಿಭೂತಿ ಅಮ್ಮನದು, ಕೆನ್ನೆ ಅಮ್ಮನದು, ಅದರೊಳಗಿಂದ ನಾನು ನನ್ನನ್ನೇ ನೋಡುತ್ತಿದ್ದೆ.

"ಇದು ನಮ್ಮಮ್ಮ ಅಲ್ಲ. ನಮ್ಮಮ್ಮನ್ನ ನೀವು ತೊಳೆದುಬಿಟ್ರಿ. ತಗಂಡು ಹೋಗ್ರಿ ಇದನ್ನ" ಅಂದೆ.

ಅವರು ಪಟವನ್ನು ಅದೇ ಕಾಗದದಲ್ಲಿ ಸುತ್ತಿಕೊಂಡು ಹೋದರು. ಎರಡು ವರ್ಷ ಪ್ರಿಂಟು ಕೇಳದೆ ಉಳಿದವಳು ನಾನು. ಆ ತಪ್ಪನ್ನೂ ಅವರ ತಲೆಗೇ ಕಟ್ಟಿ ಕಳಿಸಿದೆ.

ಆಮೇಲೆ ಎರಡು ವರ್ಷ ಆ ಬೀದಿ ಬಿಟ್ಟು ಸುತ್ತಿ ಬಸ್ಸಿಗೆ ಹೋದೆ. ಅವರು ಗಾಜು ತೊಳೆಯುವುದನ್ನೇ ನಿಲ್ಲಿಸಿದ್ದಾರೆ, ಡಬ್ಬಿಗಳನ್ನಿಡಲು ಜಾಗವಿಲ್ಲದೆ ಮನೆಯ ಮಂಚದ ಕೆಳಗೆಲ್ಲ ಪೇರಿಸಿದ್ದಾರೆ ಎಂದು ಅವರಿವರಿಂದ ಕೇಳಿದೆ. ನಮ್ಮ ಶಾಲೆಯ ಆಯಾ, ತೀರಿಕೊಂಡಿದ್ದ ತನ್ನ ಮಗನ ಫೋಟೋ ಅವರಲ್ಲಿ ಸಿಕ್ಕಿತೆಂದು ಸೆರಗಿನಲ್ಲಿ ಮುಚ್ಚಿಕೊಂಡು ತಂದು ತೋರಿಸಿದಳು. ಕೇಳಿದ ಕೂಡಲೇ ಹುಡುಕಿ ಕೊಟ್ಟರಂತೆ. ಆದರೂ ನಾನು ಹೋಗಲಿಲ್ಲ. ಹಟ ಅನ್ನಿ, ನಾಚಿಕೆ ಅನ್ನಿ.

ಒಂದು ಭಾನುವಾರ ಅವರ ಹೆಂಡತಿಯೇ ನಮ್ಮ ಮನೆ ಬಾಗಿಲಿಗೆ ಬಂದರು. "ಅವರಿಗೆ ಆರಾಮಿಲ್ಲಮ್ಮ. ಎದೆಯಾಗೆ ನೀರು ತುಂಬೈತಂತೆ. ನಿಮ್ಮನ್ನ ಒಂದ್ಸಲ ಕರಕಂಡು ಬಾ ಅಂತಾರೆ."

ಸಾಬರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೈ ಇಳಿದು ಹೋಗಿತ್ತು. ನನ್ನನ್ನು ಕಂಡು, "ಬರ್ರಿ ಟೀಚರಮ್ಮ, ಕುಂತ್ಕಳ್ರಿ" ಅಂದು ಹೆಂಡತಿಗೆ ಚಹಾ ತರಲು ಹೇಳಿದರು. ಆಮೇಲೆ ತಲೆದಿಂಬಿನ ಪಕ್ಕದಿಂದ ಪಟ ತೆಗೆದು ನನ್ನ ತೊಡೆಯ ಮೇಲಿಟ್ಟರು. ಅದೇ ಪಟ, ಆದರೆ ಅದೇ ಫೋಟೋ ಅಲ್ಲ. ಎರಡು ವರ್ಷ ಅದನ್ನು ತಿದ್ದುತ್ತಲೇ ಇದ್ದರಂತೆ. ಹುಬ್ಬು ಇಳಿಸಿದ್ದರು. ತುಟಿಯ ಕೊನೆಯಲ್ಲಿ ಸಣ್ಣ ನಗು ಬರೆದಿದ್ದರು.

"ಅವತ್ತು ಬೆಂಚಿನ ಮೇಲೆ ನಕ್ಕಿದ್ದು ನೆನಪು ಮಾಡ್ಕಂಡು ಮಾಡ್ಕಂಡು ತಿದ್ದೀನಿ. ನಾನೂ ಒಂದೇ ಸಲ ನೋಡಿದ್ದು. ನೋಡ್ರಿ, ಈಗ ಬಂದೈತಾ?"

ಬಂದಿರಲಿಲ್ಲ. ಅಮ್ಮ ನಕ್ಕರೆ ಬಲಗಡೆಯ ಕೆನ್ನೆ ಮಾತ್ರ ಮೇಲೇಳುತ್ತಿತ್ತು, ಕಣ್ಣು ಪೂರಾ ಮುಚ್ಚಿಹೋಗುತ್ತಿದ್ದವು. ಇಲ್ಲಿ ಕಣ್ಣುಗಳು ಇನ್ನೂ ನನ್ನವೇ. ಆ ಕಂದು ಬೆರಳುಗಳು ಪಟದ ಅಂಚನ್ನು ಹಿಡಿದೇ ಇದ್ದವು, ನಾನು ಮತ್ತೆ ವಾಪಸು ಕೊಟ್ಟರೆ ತೆಗೆದುಕೊಳ್ಳಲು ತಯಾರಾಗಿ.

"ಬಂದೈತೆ ಸಾಬ್ರೇ. ಇದೇ ನಮ್ಮಮ್ಮ" ಅಂದೆ.

ಅವರು ಕೈ ಬಿಟ್ಟರು. "ಹಂಗಾದ್ರೆ ಸಾಕು" ಅಂದು ಗೋಡೆ ಕಡೆ ತಿರುಗಿದರು. ಊರಿನ ಮುಖಗಳನ್ನೆಲ್ಲ ಅಷ್ಟು ವರ್ಷ ತಿದ್ದಿದವರಿಗೆ ನನ್ನ ಮುಖ ನೋಡಿ ಸುಳ್ಳು ಗೊತ್ತಾಗಲಿಲ್ಲವೇ? ಗೊತ್ತಾಗಿರಬೇಕು ಎಂದೇ ನನಗನ್ನಿಸುತ್ತದೆ. ಕ್ಷಮಿಸಿ ಎಂದು ಹೇಳಲು ಬಾಯಿ ಬರಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಆ ವಾರವೇ ಅವರು ತೀರಿಕೊಂಡರು.

ಪಟ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಬಲಗೆನ್ನೆ ಮೇಲೇಳುತ್ತಿತ್ತು, ಕಣ್ಣು ಮುಚ್ಚುತ್ತಿದ್ದವು ಎಂದು ಈಗ ನಾನು ಹೇಳಬಲ್ಲೆ ಅಷ್ಟೇ. ಕಾಣಲಾರೆ. ಅಮ್ಮನನ್ನು ನೆನೆದು ಕಣ್ಣು ಮುಚ್ಚಿದರೆ ಎದುರಿಗೆ ಬರುವುದು ಸಾಬರು ಬರೆದ ಮುಖವೇ. ಮೊದಮೊದಲು ಅದನ್ನು ಸರಿಸಿ ನಿಜವಾದ ಅಮ್ಮನನ್ನು ಹುಡುಕುತ್ತಿದ್ದೆ. ಈಗ ಹುಡುಕುವುದಿಲ್ಲ. ಹೋದ ತಿಂಗಳು ಮೊಮ್ಮಗಳು ಪಟದ ಮುಂದೆ ನಿಂತು, "ಅಜ್ಜಿ, ನಿಂಗೆ ಪೂರಾ ನಿಮ್ಮಮ್ಮನ ಕಣ್ಣೇ ಬಂದಾವೆ" ಅಂದಳು. ಹೌದಮ್ಮ, ಅವಳವೇ ಅಂದೆ.